ಕೂಸಿನ ಉಸಿರಿಗೆ ಕೈಯ ಆಸರೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತರು ನಿಂತರೆ ಪಂಪನ ಮಾತೋ ಬಸವಣ್ಣನವರ ಮಾತೋ ಬರುವುದು ವಾಡಿಕೆ. ಇಂದು ನಾವು ಆರಿಸಿಕೊಂಡ ವಿಷಯವು ಬೇರೆಯದು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಉಸಿರಾಟಕ್ಕೆ ಮೃದುವಾದ ಸ್ಪರ್ಶವು ಹೇಗೆ ನೆರವಾಗುತ್ತದೆ ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ. ವೈದ್ಯರಲ್ಲದವರಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ಹಳಗನ್ನಡದ ‘ಉಸಿರ್’ ಎಂಬ ಒಂದೇ ಶಬ್ದಕ್ಕೆ ಶ್ವಾಸ ಎಂಬ ಅರ್ಥವೂ ಉಂಟು, ಹೇಳು ಎಂಬ ಅರ್ಥವೂ ಉಂಟು. ಉಸಿರಿದ್ದರೆ ತಾನೆ ಮಾತು? ಗಡಿಯಲ್ಲಿ ಕನ್ನಡವು ಉಳಿಯಬೇಕೆಂದು ಹಂಬಲಿಸುವ ನಾವು, ಅದನ್ನು ಆಡಬೇಕಾದ ಕೂಸು ಉಳಿಯುವ ಬಗೆಯನ್ನೂ ಅರಿತುಕೊಳ್ಳತಕ್ಕದ್ದು.

ಮೂವತ್ತೇಳು ವಾರಗಳು ತುಂಬುವ ಮೊದಲು ಹುಟ್ಟಿದ ಕೂಸನ್ನು ಅವಧಿಪೂರ್ವ ಶಿಶುವೆಂದು ವೈದ್ಯರು ಕರೆಯುತ್ತಾರೆ. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯದು ಎಂಬ ಮಾತು ನಮ್ಮ ಕಡೆ ಈಗಲೂ ಕೇಳಿಬರುತ್ತದೆ. ಇದು ನಿಜವಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಶ್ವಾಸಕೋಶವನ್ನು ಬಲಪಡಿಸುತ್ತದೆ. ಶ್ವಾಸಕೋಶದ ಸಣ್ಣ ಸಣ್ಣ ಗಾಳಿಗೂಡುಗಳು ಉಸಿರು ಬಿಟ್ಟಾಗ ಒಂದಕ್ಕೊಂದು ಅಂಟಿಕೊಳ್ಳದಂತೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಲೇಪವೊಂದು ಕಾಯುತ್ತದೆ. ಬೇಗ ಹುಟ್ಟಿದ ಕೂಸಿನಲ್ಲಿ ಈ ಲೇಪವು ಸಾಲದು. 1963ರ ಆಗಸ್ಟ್ ತಿಂಗಳಲ್ಲಿ ಅಮೇರಿಕದ ಅಧ್ಯಕ್ಷ ಕೆನಡಿಯವರ ಮಗನು ಸುಮಾರು ಐದೂವರೆ ವಾರ ಮೊದಲೇ ಹುಟ್ಟಿ, ಈ ಕೊರತೆಯಿಂದಲೇ ಎರಡು ದಿನಗಳೊಳಗೆ ತೀರಿಕೊಂಡನು. ಅಂದು ದೇಶದ ಅಧ್ಯಕ್ಷನಿಗೂ ದೊರೆಯದಿದ್ದ ಚಿಕಿತ್ಸೆಯು ಇಂದು ಜಿಲ್ಲೆಯ ದೊಡ್ಡ ಆಸ್ಪತ್ರೆಗಳಲ್ಲಿ ಬಡವರ ಮಕ್ಕಳಿಗೂ ದೊರೆಯುತ್ತಿದೆ.

ಇನ್ನೊಂದು ತೊಂದರೆಯುಂಟು. ಉಸಿರಾಡೆಂದು ಅಪ್ಪಣೆ ಕೊಡುವ ಮಿದುಳಿನ ಭಾಗವೇ ಇಂಥ ಕೂಸಿನಲ್ಲಿ ಇನ್ನೂ ಬಲಿತಿರುವುದಿಲ್ಲ. ಐದು ಹತ್ತು ಸೆಕೆಂಡು ಉಸಿರು ತಡೆದು ಮತ್ತೆ ತಾನಾಗಿ ಆಡುವುದು ಈ ಮಕ್ಕಳಲ್ಲಿ ಸಾಮಾನ್ಯ. ಆದರೆ ಇಪ್ಪತ್ತು ಸೆಕೆಂಡು ದಾಟಿದರೆ, ಇಲ್ಲವೆ ಅದಕ್ಕೂ ಮೊದಲೇ ಮೈ ನೀಲಿಗಟ್ಟಿದರೆ, ಎದೆಬಡಿತ ನಿಧಾನವಾದರೆ ಅಪಾಯವೆಂದು ತಿಳಿಯಬೇಕು. ಆಗ ದಾದಿಯು ಮಾಡುವ ಮೊದಲ ಕೆಲಸವೇನೆಂದರೆ, ಕೂಸಿನ ಅಂಗಾಲನ್ನೋ ಬೆನ್ನನ್ನೋ ಬೆರಳಿನಿಂದ ಮೆಲ್ಲನೆ ಉಜ್ಜುವುದು. ಚರ್ಮದಿಂದ ಹೊರಟ ಸುದ್ದಿಯು ನರಗಳ ದಾರಿಯಾಗಿ ಮಿದುಳನ್ನು ಮುಟ್ಟಿ, ತೂಕಡಿಸುತ್ತಿದ್ದ ಆ ಭಾಗವನ್ನು ಎಚ್ಚರಿಸುತ್ತದೆ. ಕೂಸು ಮತ್ತೆ ಉಸಿರೆಳೆಯುತ್ತದೆ. ಮತ್ತೆ ಮತ್ತೆ ಹೀಗಾದರೆ ಕೆಫೀನ್ ಎಂಬ ಔಷಧವನ್ನು ವೈದ್ಯರು ಅಳೆದು ಕೊಡುತ್ತಾರೆ. ಇದು ಕಾಫಿಯಲ್ಲಿರುವ ಸತ್ತ್ವವೇ ಸರಿ. ಹಾಗೆಂದು ಮನೆಯಲ್ಲಿ ಕೂಸಿನ ಬಾಯಿಗೆ ಕಾಫಿಯ ಹನಿ ಬಿಡುವುದು ಘೋರ ಅಪಾಯ.

ಉಸಿರನ್ನು ಎಚ್ಚರಿಸುವ ಯತ್ನವು ಹೊಸದೇನಲ್ಲ. ಹುಟ್ಟಿದ ಕೂಸಿನ ಕಿವಿಯ ಬಳಿ ಎರಡು ಕಲ್ಲುಗಳನ್ನು ತಾಡಿಸುವುದು, ಮುಖಕ್ಕೆ ನೀರು ಸಿಂಪಡಿಸುವುದು, ಮೊರದಿಂದ ಗಾಳಿ ಬೀಸುವುದು ಚರಕಸಂಹಿತೆಯ ಶಾರೀರಸ್ಥಾನದಲ್ಲಿಯೇ ಹೇಳಲ್ಪಟ್ಟಿವೆ. ಕಂಚಿನ ತಾಟು ಬಾರಿಸುವ ರೂಢಿಯೂ ಇದೇ ಜಾತಿಯದು. ಅವರ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ, ಹಳ್ಳಿಯ ಸೂಲಗಿತ್ತಿಯರ ಕೈಯ ಅರಿವಿಗೇ ಗೌರವ ಸಂದಿತು. ಆದರೆ ಕೂಸನ್ನು ತಲೆಕೆಳಗಾಗಿ ಹಿಡಿದು ಬೆನ್ನಿಗೆ ಹೊಡೆಯುವುದು, ತಣ್ಣೀರು ಎರಚುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಇವುಗಳಿಂದ ಕೇಡೇ ಹೆಚ್ಚು. ದಿನ ತುಂಬದ ಕೂಸಿನ ಚರ್ಮವು ಬಲು ತೆಳುವು; ತಲೆಯೊಳಗಿನ ರಕ್ತನಾಳಗಳು ಬಹು ಮೆತುವು; ಮೈ ತಂಪಾದರೆ ಉಸಿರು ಇನ್ನಷ್ಟು ಸೋಲುತ್ತದೆ. ಬೆಚ್ಚಗಿನ ಒಣಬಟ್ಟೆಯಿಂದ ಮೈಯೊರೆಸಿ, ಬೆನ್ನನ್ನು ಎರಡು ಮೂರು ಸಲ ಮೆಲ್ಲನೆ ಉಜ್ಜಿದರೆ ಸಾಕು. ಅಷ್ಟರಿಂದ ಉಸಿರು ಬಾರದಿದ್ದರೆ ಉಜ್ಜುತ್ತಲೇ ಕೂಡತಕ್ಕದ್ದಲ್ಲ. ಹುಟ್ಟಿದ ಮೊದಲ ನಿಮಿಷದೊಳಗೆ ಚೀಲ ಮತ್ತು ಮುಖವಾಡದ ಸಾಧನದಿಂದ ಉಸಿರು ಕೊಡಬೇಕು. ಇದನ್ನು ಬಲ್ಲವರಿರುವಲ್ಲಿಯೇ ಹೆರಿಗೆಯಾಗಬೇಕೆಂದು ಸರಕಾರವು ಹೇಳುವುದು ಇದಕ್ಕಾಗಿಯೇ.

ಹಳ್ಳಿಯ ಹೆಣ್ಣುಮಕ್ಕಳಿಗೆ ಇಂಥ ವಿದ್ಯೆ ಬಾರದೆಂದು ಯಾರೂ ತಿಳಿಯಬಾರದು. ನಮ್ಮ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ಡಾಕ್ಟರ್ ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳಲ್ಲಿ ಊರಿನ ಮಹಿಳೆಯರಿಗೇ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ವರದಿಯಂತೆ ಅಲ್ಲಿಯ ಎಳೆಗೂಸುಗಳ ಸಾವು ಶೇಕಡಾ 62ರಷ್ಟು ಇಳಿಯಿತು. ಇಂದು ಆಶಾ ಕಾರ್ಯಕರ್ತೆಯು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರುವುದರ ಹಿಂದೆ ಆ ಅನುಭವವಿದೆ.

ಇನ್ನು ಸ್ಪರ್ಶಗಳಲ್ಲೆಲ್ಲ ಹಿರಿದಾದ ಸ್ಪರ್ಶದ ಮಾತು. 1978ರಲ್ಲಿ ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ, ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಾದಾಗ, ಎಡ್ಗರ್ ರೇ ಎಂಬ ವೈದ್ಯರು ತಾಯಿಯ ಎದೆಗೇ ಕೂಸನ್ನು ಕಟ್ಟುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಪ್ರಾಣಿಯು ಮರಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದನ್ನು ನೆನೆದು ಇದಕ್ಕೆ ಕಾಂಗರೂ ಆರೈಕೆಯೆಂದು ಹೆಸರಾಯಿತು. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಇಷ್ಟನ್ನೇ ತೊಡಿಸಿ, ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಬೇಕು. ಮುಖವು ಒಂದು ಪಕ್ಕಕ್ಕೆ ತಿರುಗಿ, ಮೂಗು ಬಾಯಿ ತೆರೆದಿರಬೇಕು. ಗದ್ದವು ಎದೆಗೆ ಒತ್ತಿ ಕತ್ತು ಮಡಿಸಬಾರದು. ಮೇಲೆ ಬಟ್ಟೆಯಿಂದ ಕಟ್ಟಬೇಕು. ತಾಯಿಯ ಎದೆಯ ಏರಿಳಿತವೂ ಗುಂಡಿಗೆಯ ಬಡಿತವೂ ಮೈಯ ಕಾವೂ ಕೂಸಿನ ಉಸಿರನ್ನು ಹದದಲ್ಲಿ ಇಡುತ್ತವೆ. ದಿನಕ್ಕೆ ಎಂಟು ತಾಸಿಗೆ ಕಡಿಮೆಯಾಗದಂತೆ, ಆದಷ್ಟು ಹೆಚ್ಚು ಕಾಲ, ಇದು ನಡೆಯಬೇಕು. ತಾಯಿಗೆ ದಣಿವಾದಾಗ ತಂದೆಯೂ ಅಜ್ಜಿಯೂ ಎದೆಗೊಡಬಹುದು.

ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, 1 ಕಿಲೋದಿಂದ 1.8 ಕಿಲೋದೊಳಗಿನ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆಯನ್ನು ಕೊಟ್ಟು ನೋಡಿದರು. ಮೊದಲು ಪೆಟ್ಟಿಗೆಯಲ್ಲಿಟ್ಟು, ಕೂಸು ಚೇತರಿಸಿಕೊಂಡ ಮೇಲೆ ಎದೆಗೆ ಕೊಡುವ ಕ್ರಮಕ್ಕಿಂತ ಇದರಿಂದ ಸಾವು ಶೇಕಡಾ 25ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ಪ್ರಕಟವಾಯಿತು. ನಮ್ಮ ನುಡಿಯ ನಾಡಿನ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರು ಮೊದಲಾದವರು ಸೇರಿ ಈ ಕ್ರಮವನ್ನು ಜಿಲ್ಲೆಯಾದ್ಯಂತ ಬಳಕೆಗೆ ತಂದು ತೋರಿಸಿದ್ದಾರೆ. ಕೊಪ್ಪಳದ ತಾಯಂದಿರಿಂದ ಆದದ್ದು ಉಮದಿ, ಸಂಖ, ಗುಡ್ಡಾಪುರಗಳ ತಾಯಂದಿರಿಂದ ಆಗದೇ?

ಆಗಬೇಕಾದರೆ ಮನೆಯ ಹಿರಿಯರು ಒಂದು ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪುರುಡೆಂದು ತಂದೆಯನ್ನು ದೂರವಿಡುವುದು, ಬಟ್ಟೆ ತೆಗೆದರೆ ಥಂಡಿಯೆಂದು ಕೂಸನ್ನು ತಾಯಿಯ ಎದೆಯಿಂದ ಬೇರ್ಪಡಿಸಿ ತೊಟ್ಟಿಲಲ್ಲಿ ಸುತ್ತಿಡುವುದು, ಬೆಂಕಿಯ ಹೊಗೆ ಹಾಕುವುದು, ಸಣ್ಣ ಕೂಸಿಗೆ ಎಣ್ಣೆ ತೀಡಿ ಎರೆಯುವುದು, ಇವನ್ನು ಬಿಡಬೇಕು. ಕೂಸಿಗೆ ಬೇಕಾದ ಮಡಿಯೆಂದರೆ ಸಾಬೂನಿನಿಂದ ತೊಳೆದ ಕೈ. ನಿಮಿಷಕ್ಕೆ ಅರವತ್ತು ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆಲುಬು ಒಳಗೆ ಸೆಳೆದರೆ, ನರಳಿದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ ತಡಮಾಡದೆ 108ಕ್ಕೆ ಕರೆಮಾಡಿ, ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಒಂದು ಸಲ ಉಸಿರು ನಿಂತು, ಮುಟ್ಟಿದಾಗ ಮರಳಿದರೂ ಮನೆಯಲ್ಲಿ ಉಳಿಯಬಾರದು. ಸ್ಪರ್ಶವು ಚಿಕಿತ್ಸೆಯ ಆರಂಭವೇ ಹೊರತು ಅಂತ್ಯವಲ್ಲ.

ಕೊನೆಯದಾಗಿ ಸಂಘಕ್ಕೆ ಸಂಬಂಧಿಸಿದ ಮಾತು. ಜತ್ತ ತಾಲೂಕಿನ ಪೂರ್ವಭಾಗದ ಹೆಣ್ಣುಮಕ್ಕಳು ಕೆಲವರು ಸಾಂಗಲಿ, ಮಿರಜಗಳ ಕಡೆಗೆ ಹೋಗುತ್ತಾರೆ, ಕೆಲವರು ವಿಜಯಪುರದ ಕಡೆಗೆ ಹೋಗುತ್ತಾರೆ. ಮರಾಠಿ ನಮಗೆ ನೆರೆಯ ನುಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಹಸಿ ಬಾಣಂತಿಗೆ, ಭಯದ ಗಳಿಗೆಯಲ್ಲಿ, ‘ಕತ್ತು ಮಡಿಸಬೇಡ’ ಎಂಬ ಸೂಚನೆಯು ಅರ್ಧ ತಿಳಿದರೆ ಸಾಲದು. ತಿಳಿಯದಿದ್ದರೆ ನಾಚದೆ ಮತ್ತೆ ಕೇಳಿರಿ. ತಿಳಿದದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ತೋರಿಸಿರಿ. ಸಂಘವು ವೈದ್ಯರಿಂದ ತಿದ್ದಿಸಿದ ಒಂದು ಪುಟದ ಕನ್ನಡ ಸೂಚನೆಯನ್ನು ಅಚ್ಚು ಹಾಕಿಸಿ, ಆಶಾ ಕಾರ್ಯಕರ್ತೆಯರ ಕೈಯಿಂದ ಗರ್ಭಿಣಿಯರಿರುವ ಪ್ರತಿಯೊಂದು ಮನೆಗೂ ಮುಟ್ಟಿಸಲಿ. ಓದಬಾರದ ತಾಯಂದಿರಿಗೆ ನಮ್ಮ ಶಾಲೆಯ ಹುಡುಗಿಯರು ಓದಿ ಹೇಳುವರು. ಆ ಹೊಣೆಯನ್ನು ನಾವು ಹೊತ್ತುಕೊಳ್ಳುತ್ತೇವೆ.