ದಾಖಲಾತಿ ಆದ ಮೇಲೆ



ಧಾರವಾಡದ ಸರ್ಕಾರಿ ಶಾಲೆಗೆ ಸೇರಬೇಕೆಂದು 1856ರ ಜೂನ್‌ನಲ್ಲಿ ಅಸ್ಪೃಶ್ಯರೆನಿಸಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಅರ್ಜಿ ಹಾಕಿದ. ಶಾಲೆ ಸೇರಿಸಿಕೊಳ್ಳಲಿಲ್ಲ. ಹುಡುಗ ಅಷ್ಟಕ್ಕೇ ಬಿಡದೆ ಮುಂಬಯಿ ಸರ್ಕಾರಕ್ಕೆ ಬರೆದ. ನ್ಯಾಯ ಅವನ ಕಡೆಗಿದೆ ಎಂಬುದನ್ನು ಸರ್ಕಾರ ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ಪೂರ್ವಗ್ರಹಕ್ಕೆ ಏಕಾಏಕಿ ಕೈಹಾಕಿದರೆ ಶಿಕ್ಷಣಕ್ಕೇ ಪೆಟ್ಟು ಬೀಳುತ್ತದೆಂದು ಹಿಂದೆ ಸರಿಯಿತು. 1858ರಲ್ಲಿ, ಪೂರ್ತಿ ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರತಕ್ಕದ್ದು ಎಂಬ ಘೋಷಣೆ ಬಂತು. ಊರವರ ವಂತಿಗೆ ಸೇರಿದ ಶಾಲೆಗಳಿಗೆ ಆ ಒತ್ತಾಯವಿರಲಿಲ್ಲ. ಮಗುವಿನ ಹಕ್ಕನ್ನು ತೀರ್ಮಾನಿಸಿದ್ದು, ಶಾಲೆಗೆ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆ.

ಆ ಗೆರೆಯನ್ನು ದಾಟಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ). ಅದರ 12(1)(ಸಿ) ಕಲಮಿನ ಪ್ರಕಾರ ಅನುದಾನರಹಿತ ಖಾಸಗಿ ಶಾಲೆಯೂ ಒಂದನೇ ತರಗತಿಯ ಕನಿಷ್ಠ ಶೇ. 25ರಷ್ಟು ಸೀಟುಗಳನ್ನು ದುರ್ಬಲ ವರ್ಗದ, ಅವಕಾಶವಂಚಿತ ಗುಂಪಿನ ನೆರೆಹೊರೆಯ ಮಕ್ಕಳಿಗೆ ಕೊಡಬೇಕು. ಇದನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಅಲ್ಪಸಂಖ್ಯಾತ ಶಾಲೆಗಳನ್ನು ಅದೇ ಕೋರ್ಟಿನ 2014ರ ಪ್ರಮತಿ ತೀರ್ಪು ಕಾಯ್ದೆಯಿಂದಲೇ ಹೊರಗಿಟ್ಟಿತು.

ಕರ್ನಾಟಕ 2019ರಲ್ಲಿ ಬೇರೆ ಹಾದಿ ಹಿಡಿಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಗೆ ಆರ್‌ಟಿಇ ಸೀಟಿನ ಹೊಣೆಯಿಲ್ಲ ಎಂದು ನಿಯಮ ಬದಲಾಯಿತು. ರಾಜ್ಯ ಹೈಕೋರ್ಟ್ ಅದನ್ನು ಒಪ್ಪಿತು. ಅಂಥದ್ದೇ ತಿದ್ದುಪಡಿಯನ್ನು ಮಹಾರಾಷ್ಟ್ರ ತಂದಾಗ 2024ರಲ್ಲಿ ಬಾಂಬೆ ಹೈಕೋರ್ಟ್ ರದ್ದು ಮಾಡಿತು, ಸುಪ್ರೀಂ ಕೋರ್ಟ್ ಕೂಡ ಆ ತೀರ್ಪಿಗೆ ಕೈಹಚ್ಚಲಿಲ್ಲ. ಈ ಸೀಟುಗಳ ಶುಲ್ಕವೆಂದು ಸರ್ಕಾರ ಖಾಸಗಿ ಶಾಲೆಗಳಿಗೆ ಮರುಪಾವತಿಸುವ ಹಣ ಸರ್ಕಾರಿ ಶಾಲೆಗಳಿಗೇ ಹೋಗಲಿ ಎಂಬ ವಾದದಲ್ಲಿ ಹುರುಳಿದೆ. ಆದರೂ ಬಡವರ ಮಕ್ಕಳು ಒಂದು ಕಡೆ, ಉಳ್ಳವರ ಮಕ್ಕಳು ಇನ್ನೊಂದು ಕಡೆ ಕಲಿಯುವ ವ್ಯವಸ್ಥೆಗೆ ಇದು ಉತ್ತರವಾಗಲಿಲ್ಲ.

ಇನ್ನು ದಾಖಲಾತಿ ಆದ ಮೇಲಿನ ಮಾತು. ಚರ್ಚೆಗಳೆಲ್ಲ ಸೀಟಿನ ಲೆಕ್ಕದಲ್ಲೇ ಮುಗಿದುಹೋಗುತ್ತವೆ. ಆದರೆ ಕಾನೂನು ತರಗತಿಯ ಒಳಗಿನ ಬಗ್ಗೆಯೂ ಮಾತಾಡುತ್ತದೆ. ಆರ್‌ಟಿಇ ಸೀಟಿನಲ್ಲಿ ಸೇರಿದ ಮಕ್ಕಳನ್ನು ತರಗತಿಯಲ್ಲಿ ಬೇರೆ ಕೂರಿಸಬಾರದು, ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ ಪಾಠ ಮಾಡಬಾರದು, ಪಠ್ಯಪುಸ್ತಕ, ಸಮವಸ್ತ್ರ, ಗ್ರಂಥಾಲಯ, ಆಟೋಟಗಳಲ್ಲಿ ಭೇದ ಮಾಡಬಾರದು ಎಂದು 2010ರ ಕೇಂದ್ರ ನಿಯಮಗಳು ಬಿಡಿಸಿ ಹೇಳುತ್ತವೆ. ಹೀಗೆ ಬಿಡಿಸಿ ಹೇಳಬೇಕಾದ ಅಗತ್ಯವಿತ್ತು. 2012ರಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರ್‌ಟಿಇ ಮಕ್ಕಳ ಗುರುತು ಸಿಗಲೆಂದು ಅವರ ತಲೆಗೂದಲು ಕತ್ತರಿಸಲಾಯಿತೆಂಬ ಆರೋಪ ಕೇಳಿಬಂತು. ಹೊಡೆತದಷ್ಟೇ ಮಾನಸಿಕ ಕಿರುಕುಳವನ್ನೂ ಕಾಯ್ದೆಯ 17ನೇ ಕಲಮು ನಿಷೇಧಿಸುತ್ತದೆ.

ಅಂಗವಿಕಲ ಮಕ್ಕಳ ವಿಷಯದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಭೇದವಿಲ್ಲದೆ ಸೇರಿಸಿಕೊಂಡರೆ ಸಾಲದು, ಕಟ್ಟಡಕ್ಕೆ ಅವರು ಸಲೀಸಾಗಿ ಬಂದುಹೋಗುವಂತಿರಬೇಕು, ಕಲಿಕೆಯ ತೊಡಕನ್ನು ಆದಷ್ಟು ಬೇಗ ಪತ್ತೆಹಚ್ಚಬೇಕು, ಓಡಾಟಕ್ಕೆ ಸಾರಿಗೆ ಇರಬೇಕು. ರ‍್ಯಾಂಪ್ ಕಟ್ಟಿ ಫೋಟೊ ತೆಗೆಸಿಕೊಂಡ ಶಾಲೆ ಈ ಪಟ್ಟಿಯ ಆರಂಭದಲ್ಲಿದೆ, ಅಷ್ಟೇ.

ಇಷ್ಟೆಲ್ಲ ನಡೆಯುತ್ತಿದೆಯೇ ಎಂದು ನೋಡುವವರು ಯಾರು? ಸರ್ಕಾರಿ ಶಾಲೆಯಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದ ಮಕ್ಕಳ ತಂದೆ-ತಾಯಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು. ಅನುದಾನರಹಿತ ಖಾಸಗಿ ಶಾಲೆಗೆ ಈ ಕಲಮು ಅನ್ವಯಿಸುವುದೇ ಇಲ್ಲ. ಆರ್‌ಟಿಇ ಸೀಟಿನಲ್ಲಿ ಓದುವ ಮಗುವಿನ ತಾಯಿಗೆ ತನ್ನ ಮಗುವಿನ ಶಾಲೆಯಲ್ಲಿ ಮಾತಾಡಲು ಕಾನೂನು ಒಂದು ಕುರ್ಚಿಯನ್ನೂ ಕೊಟ್ಟಿಲ್ಲ. ಅವರಿಗೆ ಉಳಿದಿರುವುದು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು, ಮೂರು ತಿಂಗಳೊಳಗೆ ತೀರ್ಮಾನವೆಂಬ ಭರವಸೆ. ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾದ ತಾಯಿಗೆ ಇದು ಎಷ್ಟು ದಕ್ಕೀತು? 21ನೇ ಕಲಮಿನ ಈ ವಿನಾಯಿತಿಯನ್ನು ತೆಗೆಯಬೇಕೆಂಬ ಪ್ರಸ್ತಾವವನ್ನು ಶಿಕ್ಷಣದ ಚರ್ಚೆಗಳು ಮೊದಲು ಕೈಗೆತ್ತಿಕೊಳ್ಳಲಿ.