ಅಟ್ಟದ ಮೇಲಿನ ಉಳಿ ಬಾಚಿಗಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾರ್ಷಿಕೋತ್ಸವವೆಂದರೆ ಕಾವ್ಯವನ್ನು ಕುರಿತೋ ಶಾಸನಗಳನ್ನು ಕುರಿತೋ ಮಾತನಾಡುವುದು ವಾಡಿಕೆ. ಅದು ಒಳ್ಳೆಯ ವಾಡಿಕೆಯೇ ಹೌದು. ಆದರೆ ಮನೆಮನೆಗೂ ಉಪಯೋಗವಾಗುವ ವಿಷಯವೊಂದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಕಾರ್ಯಕರ್ತರು ಕೇಳಿಕೊಂಡುದರಿಂದ, ನಾವು ಬಡಗಿಯ ಕೈಹತ್ಯಾರುಗಳನ್ನು ಆರಿಸಿಕೊಂಡಿದ್ದೇವೆ. ಹಳೆಯ ಉಳಿ, ಬಾಚಿ, ಕೀಸುಳಿ, ಗರಗಸಗಳ ತುಕ್ಕು ಬಿಡಿಸಿ, ಸಾಣೆ ಹಿಡಿದು, ಹೊಸ ಹಿಡಿ ಹಾಕಿ ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ, ಹಾಗೆ ಹಚ್ಚಬೇಕಾದುದು ಏಕೆ ಎಂಬ ಎರಡು ಪ್ರಶ್ನೆಗಳೇ ಇಂದಿನ ಮಾತಿನ ತಿರುಳು.

ರಾಯದುರ್ಗ ಮಡಕಶಿರಗಳ ಸೀಮೆ ಮಳೆ ಕಡಿಮೆಯಾದ ಸೀಮೆ. ಇಲ್ಲಿ ಬೇಸಾಯವೆಂದರೆ ಹದ ನೋಡಿ ಬಿತ್ತುವುದು. ಬಂದ ಹದ ಎರಡು ದಿನ ನಿಲ್ಲುವುದಿಲ್ಲ. ಆ ಎರಡು ದಿನಗಳಲ್ಲಿ ಕೂರಿಗೆಯ ಹಲ್ಲು ಮುರಿದರೆ, ಕುಂಟೆಯ ದಿಂಡು ಸೀಳಿದರೆ ರೈತನು ಓಡುತ್ತಿದ್ದುದು ಬಡಗಿಯ ಮನೆಗೆ. ಹನ್ನೆರಡು ಆಯಗಾರರಲ್ಲಿ ಬಡಗಿಯೂ ಕಮ್ಮಾರನೂ ಸೇರಿದ್ದರು; ಸುಗ್ಗಿಯ ಕಣದಲ್ಲಿ ಅವರ ಪಾಲಿನ ಧಾನ್ಯ ಅವರಿಗೆ ಸಲ್ಲುತ್ತಿತ್ತು. ಮನೆಯ ಕಂಬ, ಬೋದಿಗೆ, ತೊಲೆ, ಜಂತೆ, ಬಾಗಿಲು, ತೊಟ್ಟಿಲು, ಗಾಡಿ, ದೇವರ ತೇರು ಎಲ್ಲವೂ ಅವನ ಕೈಯಿಂದಲೇ ಆಗಬೇಕಾಗಿತ್ತು. ಇಂದು ಟ್ರ್ಯಾಕ್ಟರು ಬಂದಿದೆ, ಕಬ್ಬಿಣದ ಕಿಟಕಿ ಬಂದಿದೆ, ಪ್ಲಾಸ್ಟಿಕ್ಕಿನ ಬಾಗಿಲೂ ಬಂದಿದೆ. ಬಂದುದನ್ನು ಹಳಿಯಬೇಕಾಗಿಲ್ಲ. ಆದರೆ ಮೂರು ತಲೆಮಾರು ಅನ್ನ ಕೊಟ್ಟ ಬಾಚಿ ಮೊದಲು ಅಟ್ಟಕ್ಕೆ ಏರಿ, ಅಲ್ಲಿಂದ ಗುಜರಿಯವನ ತಕ್ಕಡಿಗೆ ಇಳಿದು, ಕಬ್ಬಿಣದ ತೂಕದ ಬೆಲೆಗೆ ಹೋಗುತ್ತಿರುವುದನ್ನು ಕಂಡೂ ಸುಮ್ಮನಿರುವುದು ಉಚಿತವಲ್ಲ.

ಈ ಹತ್ಯಾರುಗಳಿಗೂ ಕನ್ನಡ ಸಂಘಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಮಡಕಶಿರದ ಕಡೆಯ ಹೇಮಾವತಿಯನ್ನು ನೆನೆಯೋಣ. ನೊಳಂಬರ ರಾಜಧಾನಿಯಾದ ಹೆಂಜೇರು ಅದೇ. ಅಲ್ಲಿಯ ಕರಿಕಲ್ಲಿನ ಕಂಬಗಳನ್ನೂ ಕನ್ನಡ ಶಾಸನಗಳನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಅಕ್ಷರಗಳು ಮೂಡಿದ್ದು ಲೇಖನಿಯಿಂದಲ್ಲ, ಉಳಿಯಿಂದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನೆಂಬವನಿದ್ದನು. ಆತನ ಮಡದಿ ಕಾಳವ್ವೆಯೂ ವಚನಕಾರ್ತಿ. ಬಡಗಿಯ ಬಾಚಿಯನ್ನೇ ತನ್ನ ಹೆಸರಿನ ಮುಂದೆ ಇಟ್ಟುಕೊಂಡವನನ್ನು ಅನುಭವದ ಮಾತುಗಾರರ ಸಾಲಿನಲ್ಲಿ ಕೂರಿಸಿದ ನುಡಿ ನಮ್ಮದು.

ಕಬ್ಬಿಣದ ಮಾತೂ ಹಾಗೆಯೇ. ಕ್ರಿ.ಶ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಡಕಶಿರಕ್ಕೆ ನೆರೆಯಾದ ಮಧುಗಿರಿಯ ಕಡೆ ಕಬ್ಬಿಣ ಕರಗಿಸುವ ಕುಲುಮೆಗಳನ್ನು ಕಂಡು ಬರೆದಿದ್ದಾನೆ. 1807ರಲ್ಲಿ ಅವನ ಗ್ರಂಥ ಮೂರು ಸಂಪುಟಗಳಲ್ಲಿ ಅಚ್ಚಾಯಿತು. ದಕ್ಷಿಣದ ಉಕ್ಕು ಯೂರೋಪಿನಲ್ಲಿ 'ವೂಟ್ಸ್' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆ ಹೆಸರು ನಮ್ಮ 'ಉಕ್ಕು' ಎಂಬ ಮಾತಿನಿಂದಲೇ ಹುಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಉಕ್ಕು ತೆಲುಗಿನಲ್ಲಿಯೂ ಉಕ್ಕೇ ಎಂಬುದನ್ನು ಇಲ್ಲಿ ಹೇಳಬೇಕು. ನಮ್ಮ ಉಳಿ ಅವರ ಉಲಿ, ನಮ್ಮ ಕುಲುಮೆ ಅವರ ಕೊಲಿಮಿ, ಕೊಡಲಿ ಗೊಡ್ಡಲಿ, ಸುತ್ತಿಗೆ ಸುತ್ತಿ. ಬಾಚಿಗೆ ಬಾಡಿಸ, ಗರಗಸಕ್ಕೆ ರಂಪ, ಕೀಸುಳಿಗೆ ಚಿತ್ರಿಕ ಎನ್ನುತ್ತಾರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಗಡಿಗಳು ಹೀಗೆ ಸರಿದಾಡಿದರೂ ಒಂದೇ ಹತ್ಯಾರನ್ನು ಎರಡು ಹೆಸರಿನಿಂದ ಕರೆಯಬಲ್ಲ ಕುಶಲಿಗಳು ನಮ್ಮ ಊರುಗಳಲ್ಲಿ ಉಳಿದರು. ಆದುದರಿಂದ ಈ ಕೆಲಸದಲ್ಲಿ ತೆಲುಗು ನೆರೆಯವರೊಡನೆ ನಮಗೆ ಸ್ಪರ್ಧೆಯಿಲ್ಲ. ಅದು ಇಬ್ಬರ ಸೊತ್ತು. ಆದರೆ ನಮ್ಮ ಪಾಲಿನ ಹೆಸರುಗಳನ್ನು ನಾವೇ ಉಳಿಸಿಕೊಳ್ಳಬೇಕು. ನಿಘಂಟಿನಲ್ಲಿ ಬರೆದಿಟ್ಟ ಮಾತ್ರಕ್ಕೆ ಹೆಸರು ಬದುಕುವುದಿಲ್ಲ. 'ಆ ಬೈರಿಗೆ ಕೊಡಪ್ಪಾ' ಎಂದು ಒಬ್ಬನು ಕೇಳಿ, ಇನ್ನೊಬ್ಬನು ತಡವರಿಸದೆ ಎತ್ತಿಕೊಡುವಷ್ಟು ದಿನ ಮಾತ್ರ ಆ ಮಾತು ಬದುಕಿರುತ್ತದೆ.

ಇನ್ನು 'ಹೇಗೆ' ಎಂಬ ಪ್ರಶ್ನೆಗೆ ಬರೋಣ.

ಮೊದಲನೆಯದು ಪರೀಕ್ಷೆ. ಅಟ್ಟದಿಂದ ಇಳಿಸಿದ ಪ್ರತಿಯೊಂದೂ ಕೆಲಸಕ್ಕೆ ಬರುವುದೆಂದು ತಿಳಿಯಬಾರದು. ಉಳಿಯನ್ನು ದಾರದಿಂದ ತೂಗಿಬಿಟ್ಟು ಸಣ್ಣ ಮೊಳೆಯಿಂದ ತಟ್ಟಿರಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು, ಒಡಕು ದನಿ ಬಂದರೆ ಬಿರುಕಿದೆಯೆಂದು ಶಂಕಿಸಬೇಕು. ಹಳೆಯ ಕಾಲದ ಅನೇಕ ಅಲಗುಗಳು ಪೂರ್ತಿ ಉಕ್ಕಿನವಲ್ಲ. ಮೆತು ಕಬ್ಬಿಣದ ಮೈಗೆ ಬಾಯಿಯ ಕಡೆ ಮಾತ್ರ ಉಕ್ಕಿನ ತುಂಡನ್ನು ಬೆಸೆಯುತ್ತಿದ್ದರು. ಸಾಣೆ ಹಿಡಿದು ಹಿಡಿದು ಆ ಉಕ್ಕು ಸವೆದುಹೋಗಿದ್ದರೆ, ಅದನ್ನು ಕಮ್ಮಾರನ ಬಳಿ ಒಯ್ಯದೆ ಗತಿಯಿಲ್ಲ. ಹಿಡಿಯ ಮೇಲೆ ಅಕ್ಷರವನ್ನೋ ಗುರುತನ್ನೋ ಕೆತ್ತಿದ್ದರೆ ಅದನ್ನು ಉಜ್ಜಿ ಅಳಿಸಬೇಡಿರಿ. ಅದು ಆ ಹತ್ಯಾರಿನ ಒಡೆಯನ ರುಜು.

ಎರಡನೆಯದು ತುಕ್ಕು ಬಿಡಿಸುವುದು. ಕಬ್ಬಿಣವು ನೀರು ಮತ್ತು ಗಾಳಿಯ ಆಮ್ಲಜನಕದೊಡನೆ ಕೂಡಿ ಆಗುವ ಕೆಂಪು ಪುಡಿಯೇ ತುಕ್ಕು. ಅದಕ್ಕೆ ಮದ್ದು ಅಡಿಗೆಮನೆಯಲ್ಲಿಯೇ ಉಂಟು. ಹುಣಿಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲವು ತುಕ್ಕನ್ನು ಕರಗಿಸುತ್ತದೆ. ಹಳೆಯ ಹುಣಿಸೆಹಣ್ಣನ್ನು ಗಟ್ಟಿಯಾಗಿ ಕಿವುಚಿ, ಆ ರಸದಲ್ಲಿ ಅಲಗನ್ನು ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ತೆಂಗಿನ ನಾರಿನಿಂದಲೂ ನುಣ್ಣನೆಯ ಇಟ್ಟಿಗೆ ಪುಡಿಯಿಂದಲೂ ತಿಕ್ಕಬೇಕು. ದಿನಗಟ್ಟಲೆ ಬಿಟ್ಟರೆ ಹುಳಿಯು ಒಳ್ಳೆಯ ಕಬ್ಬಿಣವನ್ನೂ ತಿನ್ನುವುದು. ತೊಳೆದ ಕೂಡಲೇ ಸೋಡಾ ಬೆರೆಸಿದ ನೀರಿನಲ್ಲಿ ಅದ್ದಿ, ಬಟ್ಟೆಯಿಂದ ಒರಸಿ, ಬಿಸಿಲಲ್ಲಿ ಕಾಯಿಸಿ ಎಣ್ಣೆ ಸವರಬೇಕು. ಒಂದು ಗಳಿಗೆ ಒದ್ದೆ ಬಿಟ್ಟರೂ ತುಕ್ಕು ಮತ್ತೆ ಹಿಡಿಯುತ್ತದೆ. ಸಿಕ್ಕಿಕೊಂಡ ತಿರುಪು ಮೊಳೆಗಳಿಗೆ ಸೀಮೆಎಣ್ಣೆ ಬಿಟ್ಟು ಒಂದು ದಿನ ತಾಳಿದರೆ ಬಲಾತ್ಕಾರ ಬೇಕಾಗುವುದಿಲ್ಲ. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದುದರಿಂದ ಅದನ್ನು ಒಣಗಿದ್ದಾಗ ಕೆರೆದು ಧೂಳೆಬ್ಬಿಸಬಾರದು. ಮಕ್ಕಳನ್ನು ಅದರ ಹತ್ತಿರ ಬಿಡಬಾರದು.

ಮೂರನೆಯದು ಸಾಣೆ. ಬಾಯಿಯ ಇಳಿಜಾರನ್ನು ಉಜ್ಜುವುದಕ್ಕಿಂತ ಮೊದಲು ಉಳಿಯ ಬೆನ್ನನ್ನು ಕಲ್ಲಿನ ಮೇಲೆ ಸಪಾಟಾಗಿ ಒತ್ತಿ ಉಜ್ಜಬೇಕು. ಬಾಯಿಯೆಂದರೆ ಎರಡು ಮುಖಗಳು ಕೂಡುವ ಗೆರೆ; ಒಂದು ಮುಖ ಗುಳಿಬಿದ್ದಿದ್ದರೆ ಇನ್ನೊಂದನ್ನು ಎಷ್ಟು ಹರಿತಗೊಳಿಸಿದರೂ ಗೆರೆ ಮೂಡದು. ಬಡಗಿಯ ಸಾಧಾರಣ ಉಳಿಗೆ 25ರಿಂದ 30 ಡಿಗ್ರಿ ಕೋನ ಸಾಕು. ಕೋನಮಾಪಕ ಬೇಕಾಗಿಲ್ಲ: ಇಳಿಜಾರಿನ ಉದ್ದ ಅಲಗಿನ ದಪ್ಪದ ಎರಡರಷ್ಟಿದ್ದರೆ ಅದು 30 ಡಿಗ್ರಿ, ಎರಡೂಕಾಲರಷ್ಟಕ್ಕಿಂತ ತುಸು ಹೆಚ್ಚಿದ್ದರೆ 25 ಡಿಗ್ರಿ. ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಕೊನೆಗೆ ಚರ್ಮದ ಪಟ್ಟಿ, ಇದೇ ಕ್ರಮ. ಬೆನ್ನಿನ ಕಡೆ ಬೆರಳಾಡಿಸಿದಾಗ ಸಣ್ಣ ಏಣು ತಾಗಿದರೆ ಬಾಯಿಯವರೆಗೂ ಕಲ್ಲು ಮುಟ್ಟಿತೆಂದು ಅರ್ಥ.

ವಿದ್ಯುತ್ತಿನ ಸಾಣೆಚಕ್ರ ಉಪಯೋಗಿಸುವವರು ಒಂದು ಮಾತು ನೆನಪಿಡಬೇಕು. ಕಮ್ಮಾರನು ಉಕ್ಕನ್ನು ಕಾಯಿಸಿ, ನೀರಿಗೋ ಎಣ್ಣೆಗೋ ಅದ್ದಿ, ಮತ್ತೆ ಹದವಾಗಿ ಕಾಯಿಸುವಾಗ ಅದು ಒಣಹುಲ್ಲಿನ ಬಣ್ಣಕ್ಕೆ ಬಂದಲ್ಲಿ ನಿಲ್ಲಿಸುತ್ತಾನೆ. ಅದು ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್ ಶಾಖ. ಚಕ್ರದ ಮೇಲೆ ಅಲಗು ನೀಲಿಗೆ ತಿರುಗಿದರೆ ಶಾಖ 300ರ ಹತ್ತಿರ ಹೋಯಿತು, ಹದ ಕೆಟ್ಟಿತು ಎಂದೇ ತಿಳಿಯಬೇಕು. ಆದುದರಿಂದ ಎರಡು ಎಣಿಕೆಗೊಮ್ಮೆ ನೀರಿನಲ್ಲಿ ಅದ್ದಬೇಕು, ಕಣ್ಣಿಗೆ ಕನ್ನಡಕವಿಲ್ಲದೆ ಚಕ್ರದ ಮುಂದೆ ನಿಲ್ಲಬಾರದು. ಏಟು ತಿಂದು ತಲೆ ಹೂವಿನಂತೆ ಅರಳಿದ ಉಳಿಯ ಅಂಚನ್ನು ಅರದಿಂದ ತೆಗೆದುಬಿಡಬೇಕು. ಅದರ ಚೂರು ಹಾರಿ ಕಣ್ಣು ಕಳೆಯಬಲ್ಲದು.

ಗರಗಸಕ್ಕೆ ತಾಳ್ಮೆ ಬೇಕು. ಮುಮ್ಮೂಲೆ ಅರದಿಂದ ಪ್ರತಿ ಹಲ್ಲಿಗೂ ಸಮನಾಗಿ ಎರಡು ಮೂರು ಎಳೆತ ಕೊಟ್ಟು, ಬಳಿಕ ಹಲ್ಲುಗಳನ್ನು ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಅತ್ಯಲ್ಪವಾಗಿ ಬಾಗಿಸಬೇಕು. ಹಾಗೆ ಮಾಡಿದರೆ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ ಗರಗಸ ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಹಳೆಯ ಬಡಗಿಗಳು ನೆಲದ ಮೇಲೆ ಕುಳಿತು, ಮರವನ್ನು ಕಾಲಿನಿಂದ ಅದುಮಿ ಹಿಡಿದು, ಗರಗಸವನ್ನು ತಮ್ಮ ಕಡೆಗೆ ಎಳೆದು ಕೊಯ್ಯುತ್ತಿದ್ದರು. ಅಂತಹ ಗರಗಸದ ಹಲ್ಲು ಹಿಡಿಯ ಕಡೆಗೆ ಓರೆಯಾಗಿರುವುದು. ಅದನ್ನು ತಪ್ಪು ತಯಾರಿಕೆಯೆಂದು ತಿಳಿದು ತಿದ್ದಲು ಹೋಗಬೇಡಿರಿ. ಮೂಲೆಮಟ್ಟದ ಪರೀಕ್ಷೆ ಇನ್ನೂ ಸುಲಭ. ಹಲಗೆಯ ನೇರ ಅಂಚಿಗೆ ಹಿಡಿದು ಒಂದು ಗೆರೆ ಎಳೆಯಿರಿ, ಮಟ್ಟವನ್ನು ಮಗುಚಿ ಅದೇ ಜಾಗದಿಂದ ಇನ್ನೊಂದು ಎಳೆಯಿರಿ. ಎರಡೂ ಒಂದಾದರೆ ಮಟ್ಟ ಸರಿ. ಕವಲೊಡೆದರೆ ಆ ಅಂತರದ ಅರ್ಧವೇ ಮಟ್ಟದ ದೋಷ.

ನಾಲ್ಕನೆಯದು ಹಿಡಿ. ಬಾಚಿ ಕೊಡಲಿಗಳ ಕಾವಿಗೆ ದಿಂಡಿಗ ಒಳ್ಳೆಯದು, ಜಾಲಿಯೂ ಆಗುವುದು. ಕೊಡತಿಗೆ ಹುಣಿಸೆಯ ಚೇಗಿಗಿಂತ ಉತ್ತಮವಾದುದು ಈ ಸೀಮೆಯಲ್ಲಿ ದೊರೆಯುವುದು ವಿರಳ. ಮರ ಚೆನ್ನಾಗಿ ಆರಿರಬೇಕು, ಎಳೆಗಳು ತಲೆಯಿಂದ ಬುಡದವರೆಗೆ ನೇರವಾಗಿ ಹೋಗಿರಬೇಕು. ಅಡ್ಡ ಎಳೆಯ ಕಾವು ಏಟಿನ ನಡುವೆ ಮುರಿಯುತ್ತದೆ. ಕೊನೆಗೆ ಅಗಸೆಎಣ್ಣೆಯನ್ನು ತೆಳುವಾಗಿ ಸವರಿ ಒಣಗಿಸಿರಿ. ಆ ಎಣ್ಣೆ ಒರಸಿದ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಮೂಲೆಗೆ ಎಸೆಯಬೇಡಿರಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರಡಿ ಒಣಹಾಕಬೇಕು.

ಹೀಗೆ ಸಿದ್ಧವಾದ ಹತ್ಯಾರುಗಳನ್ನು ಗೋಡೆಗೆ ತೂಗಿಬಿಟ್ಟರೆ ಪಟ್ಟ ಶ್ರಮಕ್ಕೆ ಅರ್ಥವಿಲ್ಲ. ಮನೆಯ ಹಿತ್ತಲಲ್ಲೋ ಜಗುಲಿಯಲ್ಲೋ ಒಂದು ಮೂಲೆ ಸಾಕು. ಮೊದಲು ಒಂದು ಕೊಡತಿ, ಆಮೇಲೆ ಹತ್ಯಾರುಗಳನ್ನಿಡಲು ಒಂದು ಪೆಟ್ಟಿಗೆ, ಅನಂತರ ಕೂರುವ ಮಣೆ, ಈಳಿಗೆಮಣೆಯ ಹಲಗೆ, ಓದುವ ವ್ಯಾಸಪೀಠ, ಪುಸ್ತಕದ ಕಪಾಟು. ಈ ಕ್ರಮದಲ್ಲಿ ಕೈ ಪಳಗುತ್ತದೆ. ಮುರಿದ ಹಳೆಯ ಬಾಗಿಲಿನ ತೇಗದ ಹಲಗೆಯಿಂದಲೇ ಇವುಗಳಲ್ಲಿ ಬಹುಪಾಲನ್ನು ಮಾಡಬಹುದು. ಹೆಣ್ಣುಮಕ್ಕಳನ್ನು ಈ ಕೆಲಸದಿಂದ ದೂರವಿಡಲು ಕಾರಣವಿಲ್ಲ. ಹರಿತವಾದ ಉಳಿ ಬಲವನ್ನು ಕೇಳುವುದಿಲ್ಲ, ಗಮನವನ್ನು ಕೇಳುತ್ತದೆ.

ಮಕ್ಕಳ ವಿದ್ಯೆಗೆ ಇದರಿಂದ ಅಡ್ಡಿಯಾಗುವುದೆಂಬ ಅಂಜಿಕೆ ಬೇಡ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದ ಯೋಜನೆಯಲ್ಲಿ ಕೈಕಸುಬೇ ಕಲಿಕೆಯ ನಡುಗಂಬವಾಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ ಮೊದಲಾದ ಸ್ಥಳೀಯ ಕುಶಲಿಗಳ ಬಳಿ ಕಲಿಯಬೇಕೆಂದು ಹೇಳಿದೆ. ಇಳಿಜಾರಿನ ಉದ್ದದಿಂದ ಕೋನ ತಿಳಿದ ಹುಡುಗಿಗೆ ರೇಖಾಗಣಿತ ಹೊರೆಯಾಗಲಾರದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಯೂ ಸೇರಿ 18 ಕಸುಬಿನವರಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವು ಗೊತ್ತುಮಾಡಲಾಗಿತ್ತು. ನೆರವು ಬರಲಿ; ಆದರೆ ಹಣದಿಂದ ಹೊಸ ಉಳಿ ಕೊಳ್ಳಬಹುದೇ ಹೊರತು, ಅದನ್ನು ಹಿಡಿಯುವ ಬಗೆಯನ್ನು ಕೊಳ್ಳಲಾಗದು. ಅದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗಬೇಕಾದ ವಿದ್ಯೆ.

ಆದುದರಿಂದ ಸಂಘದ ಮುಂದೆ ಮೂರು ಅರಿಕೆಗಳನ್ನಿಡುತ್ತೇವೆ. ಒಂದು: ಬರುವ ಮಹಾನವಮಿಯ ಆಯುಧಪೂಜೆಗೆ ಪ್ರತಿ ಮನೆಯವರೂ ಅಟ್ಟದ ಹತ್ಯಾರುಗಳನ್ನು ಇಳಿಸಿ, ಕುಂಕುಮ ಹಚ್ಚುವುದಕ್ಕೆ ಮೊದಲು ತುಕ್ಕು ಬಿಡಿಸಲಿ. ಎರಡು: ಊರಿನ ಹಿರಿಯ ಬಡಗಿಗಳನ್ನೂ ಕಮ್ಮಾರರನ್ನೂ ಸಂಘವು ಗೌರವದಿಂದ ಆಹ್ವಾನಿಸಿ, ಯೋಗ್ಯ ಸಂಭಾವನೆ ಕೊಟ್ಟು, ತಿಂಗಳಿಗೆ ಎರಡು ಭಾನುವಾರ ಕನ್ನಡ ಶಾಲೆಯ ಮಕ್ಕಳಿಗೆ ಸಾಣೆ ಹಿಡಿಯುವುದನ್ನೂ ಹಿಡಿ ಹಾಕುವುದನ್ನೂ ಕಲಿಸುವ ಏರ್ಪಾಡು ಮಾಡಲಿ. ಮೂರು: ಅವರ ಬಾಯಿಂದ ಬರುವ ಹತ್ಯಾರಿನ ಹೆಸರು, ಅದರ ಭಾಗಗಳ ಹೆಸರು, ಮಾಡುವ ಕೆಲಸದ ಹೆಸರು ಎಲ್ಲವನ್ನೂ ಮಕ್ಕಳೇ ಒಂದು ಪುಸ್ತಕದಲ್ಲಿ ಕನ್ನಡದಲ್ಲಿಯೂ, ಪಕ್ಕದಲ್ಲಿ ತೆಲುಗಿನಲ್ಲಿಯೂ ಬರೆದಿಡಲಿ. ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿಯು 1962ರಲ್ಲಿಯೇ ಭದ್ರಿರಾಜು ಕೃಷ್ಣಮೂರ್ತಿಯವರ ಸಂಪಾದಕತ್ವದಲ್ಲಿ ತೆಲುಗಿನ ಬೇಸಾಯದ ವೃತ್ತಿಪದಕೋಶವನ್ನು ಹೊರತಂದಿತು. ಹಳ್ಳಿಹಳ್ಳಿಯ ರೈತರ ಮಾತನ್ನು ಕೇಳಿ ಕಟ್ಟಿದ ಕೋಶ ಅದು. ನೆರೆಯವರ ಆ ಒಳ್ಳೆಯ ಮೇಲ್ಪಂಕ್ತಿ ನಮ್ಮ ಕಣ್ಣ ಮುಂದಿದೆ.

ಕೆಲಸ ದೊಡ್ಡದಲ್ಲ, ಖರ್ಚೂ ಹೆಚ್ಚಿಲ್ಲ. ಆದರೆ ಬಾಚಿಯ ಕೆಲಸ ಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಈ ಕೆಲಸವನ್ನು ಮುಂದಿನ ವಾರ್ಷಿಕೋತ್ಸವಕ್ಕೆ ಮುಂದೂಡುವಂತಿಲ್ಲ. ಇಂದು ಮನೆಗೆ ಮರಳಿದ ಮೇಲೆ ಅಟ್ಟವನ್ನೊಮ್ಮೆ ನೋಡಿರೆಂದು ಪ್ರಾರ್ಥಿಸುತ್ತೇವೆ.