ಗಜನಿಯ ಬಾಗಿಲು



‘ಮನುಷ್ಯ ಮತ್ತು ನಿಸರ್ಗ’ ಎಂಬ ಈ ವಿಚಾರ ಸಂಕಿರಣದ ಆಶಯ ಹೇಳಲು ನನಗೆ ಒಂದೇ ಜಾಗ ಸಾಕು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವಲ್ಲಿರುವ, ಉಪ್ಪುನೀರು ಬಂದುಹೋಗುವ ಗಜನಿ ಗದ್ದೆಗಳು.

ಶಿರಸಿಯ ಕಡೆಯಿಂದ ಘಟ್ಟ ಇಳಿದು ಬರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಮಳೆಗಾಲದಲ್ಲಿ ಸಿಹಿನೀರು ಅಳಿವೆಯವರೆಗೂ ನುಗ್ಗುತ್ತದೆ, ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಒಳಕ್ಕೆ ಏರುತ್ತದೆ. ನಡುವೆ ಸಿಗುವ ಕೆಲವೇ ತಿಂಗಳ ಬಿಡುವಿನಲ್ಲಿ ಅಲ್ಲಿಯವರು ಉಪ್ಪು ತಾಳುವ ಕಗ್ಗ ಎಂಬ ಭತ್ತ ಬೆಳೆದರು. ಮುಂಗಾರು ಮಳೆ ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಚೆಲ್ಲುತ್ತಾರೆ. ನೆರೆ ಬಂದು ಪೈರು ಮುಳುಗಿದರೂ ಕೆಲವು ದಿನ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕತ್ತರಿಸಿ ಹುಲ್ಲನ್ನು ನೀರಿನಲ್ಲೇ ಬಿಡುತ್ತಾರೆ. ಆಮೇಲೆ ಗದ್ದೆಗೂ ಹೊಳೆಗೂ ನಡುವಿನ ಕಟ್ಟಿನ ಬಾಗಿಲಿನ ಹಲಗೆ ಎತ್ತಿದರೆ ಉಬ್ಬರದ ಜೊತೆ ಸಿಗಡಿ, ಏಡಿ, ಮೀನುಮರಿಗಳು ಒಳಬರುತ್ತವೆ. ಕೊಳೆಯುವ ಹುಲ್ಲಿನಿಂದಲೇ ಅವಕ್ಕೆ ಮೇವು. ಹಕ್ಕಿಗಳ ಹಿಕ್ಕೆ, ಹೊಳೆ ತಂದ ಮೆಕ್ಕಲು ಮುಂದಿನ ಬೆಳೆಗೆ ಗೊಬ್ಬರ. ಇಂಥ ತಳಿಯನ್ನು ರೂಪಿಸಿದ್ದು ರೈತನೋ, ಹೊಳೆಯೋ? ಉಪ್ಪು ತಾಳದ ಪೈರು ಸತ್ತಿತು. ತಾಳಿದ್ದರಲ್ಲಿ ಬೀಜಕ್ಕೆ ಯಾವ ತೆನೆ ಎಂದು ರೈತ ಆರಿಸಿದ. ಇಬ್ಬರ ಕೈಯೂ ಆ ಕಾಳಿನಲ್ಲಿದೆ.

ಹಿಂದಿನ ಮಣ್ಣಿನ ಕಟ್ಟು ಮತ್ತೆ ಮತ್ತೆ ಕುಸಿಯುತ್ತಿತ್ತು, ಹಾಗಾಗಿ ಅದನ್ನು ಸರಿಪಡಿಸಲು ಊರೂ ಮತ್ತೆ ಮತ್ತೆ ಕೂಡಬೇಕಿತ್ತು. 1970ರ ದಶಕದಲ್ಲಿ ಸರ್ಕಾರ ಗಟ್ಟಿ ಕಟ್ಟೆಗಳನ್ನು ಹಾಕಿಸಿತು. ಉದ್ದೇಶ ಒಳ್ಳೆಯದೇ. ಆದರೆ ಒಟ್ಟಾಗಿ ದುಡಿಯುವ ರೂಢಿ ಅಲ್ಲಿಂದ ಸಡಿಲಾಯಿತು ಎಂದೇ ನಾನು ತಿಳಿದಿದ್ದೇನೆ. ಮುಂದೆ ಸಿಗಡಿಗೆ ಬೆಲೆ ಬಂತು, ಎಷ್ಟೋ ಗಜನಿಗಳಲ್ಲಿ ಉಪ್ಪುನೀರೇ ನಿಂತಿತು, ಕಗ್ಗ ಹಿಂದೆ ಸರಿಯಿತು. ಸಿಗಡಿಗೂ ರೋಗ ಬಿತ್ತು. ಪಾಳುಬಿದ್ದ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ತಾನಾಗಿ ಹಬ್ಬಿತು. ಮನುಷ್ಯ ಕೈಬಿಟ್ಟದ್ದು ಕೂಡ ನೆಲದ ರೂಪ ಬದಲಿಸುತ್ತದೆ ಎಂಬುದನ್ನು ನಮ್ಮ ಪಠ್ಯಗಳು ಇನ್ನೂ ಸರಿಯಾಗಿ ಹೇಳುತ್ತಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಇದು ಸಂತೋಷದ ಸಂಗತಿ, ಜೊತೆಗೆ ನನಗೊಂದು ಆತಂಕವೂ ಇದೆ. ಹಕ್ಕಿ, ಕಾಂಡ್ಲಾಗಳನ್ನು ಎಣಿಸಿ, ಇಳಿತದ ಹೊತ್ತಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಆಯುವ ಹೆಂಗಸರನ್ನು ‘ಒತ್ತಡಗಳು’ ಎಂಬ ಕಲಮಿನಲ್ಲಿ ಬರೆದುಬಿಡುವುದು ತೀರಾ ಸುಲಭ. ಕಗ್ಗದ ಬೀಜವನ್ನು ಶೀತಲಗೃಹದಲ್ಲಿ ಕಾಪಿಟ್ಟರೆ ಕಾಳು ಉಳಿದೀತು. ಯಾವ ಅಮಾವಾಸ್ಯೆಯ ಉಬ್ಬರಕ್ಕೆ ಹಲಗೆ ಎತ್ತಬೇಕು, ಎಷ್ಟು ಎತ್ತಬೇಕು ಎಂಬ ತಿಳಿವಳಿಕೆಯನ್ನು ಎಲ್ಲಿಡುತ್ತೀರಿ? ಗದ್ದೆ ಕೃಷಿ ಇಲಾಖೆಗೆ, ಸಿಗಡಿ ಮೀನುಗಾರಿಕೆಗೆ, ಕಾಂಡ್ಲಾ ಅರಣ್ಯಕ್ಕೆ ಹಂಚಿಹೋಗಿರುವಾಗ ಆ ಹಲಗೆ ಯಾರ ಕಡತದಲ್ಲೂ ಇಲ್ಲ.

ಈ ಎರಡು ದಿನ ನೀರಿನ ಲವಣಾಂಶದ ಅಂಕಿಅಂಶ ಮಂಡಿಸಲಿರುವವರಲ್ಲಿ ನನ್ನದೊಂದು ಕೋರಿಕೆ. ಆ ನೀರಿನ ಮಾದರಿ ತೆಗೆದ ದಿನ ಬಾಗಿಲು ತೆರೆದಿತ್ತೋ ಮುಚ್ಚಿತ್ತೋ, ಹಲಗೆ ಎತ್ತಿದವರು ಯಾರು, ಊರಿನಲ್ಲಿ ಯಾರು ಯಾರನ್ನು ಕೇಳಿ ಎತ್ತಿದರು ಎಂಬುದನ್ನೂ ಅದೇ ಕೋಷ್ಟಕದಲ್ಲಿ ಬರೆಯಿರಿ.